ರ‍್ಯಾಂಕ್ ಬಾರದವರು ಸಂಶೋಧನೆಗೆ ಹೋಗಬಹುದೇ?

ಪ್ರಶ್ನೆ: ನನ್ನ ಮಗಳು ಕಾರವಾರದಲ್ಲಿ ಸಾಗರ ಜೀವವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಾಳೆ. ರ‍್ಯಾಂಕ್ ಬರುವಷ್ಟು ಜಾಣೆಯಲ್ಲ. ಸಂಶೋಧಕಿಯಾಗಬಹುದೇ?

ಉತ್ತರ: ಖಂಡಿತ ಆಗಬಹುದು. ಪ್ರತಿ ವರ್ಷ ಫಲಿತಾಂಶದ ಹೊತ್ತಿಗೆ ಇದೇ ಉತ್ತರ ಕೊಡುತ್ತ ಬಂದಿದ್ದರೂ, ಸಂಶೋಧನೆ ರ‍್ಯಾಂಕ್ ವಿದ್ಯಾರ್ಥಿಗಳ ಸೊತ್ತು ಎಂಬ ನಂಬಿಕೆ ನಮ್ಮ ಪಾಲಕರಲ್ಲಿ ಕದಲುವುದೇ ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪಿಎಚ್.ಡಿ. ಪ್ರವೇಶಕ್ಕೆ ಸ್ನಾತಕೋತ್ತರ ಪದವಿಯಲ್ಲಿ ಬೇಕಾದದ್ದು ಶೇ 55 ಅಂಕ. ಮೀಸಲಾತಿಯವರಿಗೆ ಅದರಲ್ಲೂ ಶೇ 5ರಷ್ಟು ರಿಯಾಯಿತಿಯಿದೆ. ಪರೀಕ್ಷೆಯ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಿರುತ್ತದೆ, ಸಂಶೋಧನೆಯ ಪ್ರಶ್ನೆಗೆ ಮಾರ್ಗದರ್ಶಕರ ಬಳಿಯೂ ಇರುವುದಿಲ್ಲ. ಮೊದಲನೆಯದಕ್ಕೆ ನೆನಪು ಬೇಕು. ಎರಡನೆಯದಕ್ಕೆ ಬೇಕಾದ ಗುಣಗಳನ್ನು ಅಂಕಪಟ್ಟಿ ತೋರಿಸುವುದಿಲ್ಲ.

ಬಂಗಡೆ ಯಾವ ತಿಂಗಳಲ್ಲಿ ಮೊಟ್ಟೆಗೆ ಬರುತ್ತದೆ ಎಂಬ ಸರಳ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಬೆಳಗಿನ ಜಾವ ಬೈತಖೋಲ ಬಂದರಿಗೆ ಹೋಗಿ, ದೋಣಿ ದಡ ಮುಟ್ಟಿದೊಡನೆ ಮೀನು ಕೊಂಡು, ಐಸಿನಲ್ಲಿಟ್ಟು ಪ್ರಯೋಗಾಲಯಕ್ಕೆ ತಂದು, ಅಳತೆಹಲಗೆಯ ಮೇಲೆ ಮೂತಿಯಿಂದ ಬಾಲದ ತುದಿಯವರೆಗೆ ಮಿಲಿಮೀಟರ್ ಲೆಕ್ಕದಲ್ಲಿ ಅಳೆದು, ತೂಗಿ, ಹೊಟ್ಟೆ ಸೀಳಿ, ಅಂಡಾಶಯದ ಬಣ್ಣ ಮತ್ತು ಗಾತ್ರವನ್ನು ಬರೆದಿಡಬೇಕು. ಕೈ ಜೋಮು ಹಿಡಿದ ಮೇಲೂ ನೂರನೆಯ ಮೀನಿಗೆ ಮೊದಲನೆಯದಕ್ಕೆ ಕೊಟ್ಟಷ್ಟೇ ಗಮನ ಕೊಡಬೇಕು. ಅದರ ಸಂತಾನೋತ್ಪತ್ತಿ ಹೆಚ್ಚಾಗಿ ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದೂ ಆಗಲೇ. ನಾಡದೋಣಿಯವರ ವಿಶ್ವಾಸ ಗಳಿಸಿಕೊಂಡವಳಿಗೆ ಆಗಲೂ ನಾಲ್ಕು ಮೀನು ಸಿಗುತ್ತವೆ. ಉಳಿದವರು ಇನ್ನೊಂದು ಮಳೆಗಾಲಕ್ಕೆ ಕಾಯಬೇಕು. ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷವೆಂಬ ಮಿತಿಯಿರುವಾಗ ಹೀಗೊಂದು ವರ್ಷ ಕಳೆದುಹೋಗುವುದು ಸಣ್ಣ ನಷ್ಟವಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಈ ಕೆಲಸವನ್ನು ಅತ್ಯಂತ ಚೆನ್ನಾಗಿ ಮಾಡಿದವಳು ಎರಡನೇ ದರ್ಜೆಯಲ್ಲಿ ಪಾಸಾದವಳು ಎಂದು ಹೇಳಲು ನನಗೆ ಹೆಮ್ಮೆಯಿದೆ.

ಹಣದ ಮಾತು. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ನಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ಸಿಕ್ಕರೆ 2023ರ ಜನವರಿಯಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ 42,000. ಸಿಗದಿದ್ದರೆ ಸಂಸಾರ ಕಷ್ಟ. ಪದವಿ ಮುಗಿದ ಮೇಲೂ ಕಾಯಂ ಹುದ್ದೆಗಳು ಕಡಿಮೆ. ಹಲವರು ವರ್ಷಗಟ್ಟಲೆ ಒಂದು ಯೋಜನೆಯಿಂದ ಇನ್ನೊಂದಕ್ಕೆ ದಾಟುತ್ತಿರುತ್ತಾರೆ.

ನೀವು ಕೇಳಲಿಲ್ಲ, ಆದರೆ ಕೇಳಬೇಕಿತ್ತು: ಮಾರ್ಗದರ್ಶಕರನ್ನು ಆರಿಸುವುದು ಹೇಗೆ? ಅವರ ಹೆಸರು, ಹುದ್ದೆ ನೋಡಿ ನಿರ್ಧರಿಸಬೇಡಿ. ಅವರ ಬಳಿ ಪದವಿ ಮುಗಿಸಿ ಹೋದವರನ್ನೂ, ಅರ್ಧಕ್ಕೇ ಬಿಟ್ಟವರನ್ನೂ ಮಗಳು ಖುದ್ದಾಗಿ ಮಾತನಾಡಿಸಲಿ. ಬರೆದುಕೊಟ್ಟ ಅಧ್ಯಾಯವನ್ನು ಅವರು ಎಷ್ಟು ದಿನದಲ್ಲಿ ಓದಿ ಹಿಂದಿರುಗಿಸುತ್ತಾರೆ, ಪ್ರಕಟವಾಗುವ ಲೇಖನದಲ್ಲಿ ದುಡಿದ ವಿದ್ಯಾರ್ಥಿಯ ಹೆಸರನ್ನು ಮೊದಲು ಹಾಕುತ್ತಾರೆಯೇ ಎಂಬೆರಡನ್ನು ಕೇಳಿ ತಿಳಿದ ಮೇಲೆಯೇ ಅರ್ಜಿ ಹಾಕಲಿ.