ಎಳೆಯುವವರೆಷ್ಟು, ಜೋತಾಡುವವರೆಷ್ಟು

ಕಾರವಾರದಿಂದ ಮಾಜಾಳಿಯ ಕಡೆ ಹೋದರೆ ದಂಡೆಯಲ್ಲಿ ಈಗಲೂ ಒಮ್ಮೊಮ್ಮೆ ಕೈರಂಪಣಿ ಬಲೆ ಬೀಳುವುದು ಕಾಣುತ್ತದೆ. ದೋಣಿ ದಂಡೆ ಬಿಟ್ಟು ಹೊರಡುತ್ತದೆ, ಅರ್ಧಚಂದ್ರದ ಹಾಗೆ ಬಲೆ ಬಿಡುತ್ತ ಸುತ್ತು ಹಾಕಿ ಒಂದಿಷ್ಟು ಆಚೆ ಮತ್ತೆ ದಂಡೆ ಸೇರುತ್ತದೆ. ಎರಡು ತುದಿಗೆ ಎರಡು ಹಗ್ಗ, ಎರಡು ಗುಂಪು. ಒಂದು ಬೆಳಿಗ್ಗೆ ಸುಮ್ಮನೆ ನೋಡುತ್ತ ನಿಂತಿದ್ದ ನಾನೂ ಒಂದು ಹಗ್ಗಕ್ಕೆ ಕೈ ಹಾಕಿದೆ. ಮೊದಲ ಐದು ನಿಮಿಷ ಭಾರಿ ಹುರುಪು. ಮರಳು ಮೆತ್ತಿದ ಒದ್ದೆ ಹಗ್ಗ ಅಂಗೈ ಉಜ್ಜತೊಡಗಿದ ಮೇಲೆ ಯಾರೂ ಹೇಳಿಕೊಡದ ವಿದ್ಯೆಯೊಂದು ತಾನಾಗಿ ಬಂತು: ಎಲ್ಲರ ಜೊತೆ ಹಿಂದಕ್ಕೆ ವಾಲುವುದು, ಹಲ್ಲು ಕಚ್ಚುವುದು, ಕೈ ಮಾತ್ರ ಸಡಿಲ ಬಿಡುವುದು. ನನ್ನ ಹಿಂದಿದ್ದ ಮುದುಕನಿಗೆ ಅದು ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ತಮಾ, ಎಳಿತ್ಯಾ, ಜೋತಾಡ್ತ್ಯಾ?" ಎಂದ.

ಇದೇ ಪ್ರಶ್ನೆಯನ್ನು ಸುಮಾರು 140 ವರ್ಷ ಹಿಂದೆ ಫ್ರಾನ್ಸಿನಲ್ಲಿ ಒಬ್ಬ ಮಾಪಕ ಇಟ್ಟು ಕೇಳಿದ್ದ. ಮ್ಯಾಕ್ಸ್ ರಿಂಗೆಲ್‌ಮನ್ ಮನೋವಿಜ್ಞಾನಿಯಲ್ಲ, ಕೃಷಿ ಎಂಜಿನಿಯರ್. ಎತ್ತು, ಕುದುರೆ, ಯಂತ್ರ, ಮನುಷ್ಯ, ಇವುಗಳಲ್ಲಿ ಯಾವುದು ಎಷ್ಟು ಭಾರ ಎಳೆಯುತ್ತದೆ ಎಂಬುದಷ್ಟೇ ಅವನಿಗೆ ಬೇಕಿದ್ದ ಲೆಕ್ಕ. 1880ರ ದಶಕದಲ್ಲಿ ಅವನು ಗಂಡಸರಿಗೆ ಹಗ್ಗ ಕೊಟ್ಟು, ಇನ್ನೊಂದು ತುದಿಗೆ ಬಲಮಾಪಕ ಕಟ್ಟಿ ಎಳೆಸಿದ. ಒಬ್ಬೊಬ್ಬನೇ ಎಳೆದಾಗ ಸರಾಸರಿ ಸುಮಾರು 85 ಕೆ.ಜಿ. ಬಲ ಬಿತ್ತು. 7 ಜನ ಕೂಡಿದಾಗ ತಲೆಗೆ 65ಕ್ಕೆ ಇಳಿಯಿತು, 14 ಜನ ಕೂಡಿದಾಗ 61ಕ್ಕೆ. ಗುಣಿಸಿ ನೋಡಿದರೆ 14 ಜನರಲ್ಲಿ ಹತ್ತಿರಹತ್ತಿರ 4 ಜನ ಅಲ್ಲಿ ಇಲ್ಲವೇ ಇಲ್ಲ. ಹಗ್ಗ ಹಿಡಿದು ನಿಂತಿರುವುದು ಮಾತ್ರ ಕಾಣುತ್ತದೆ.

ಅವನು ಇದನ್ನು ಪ್ರಕಟಿಸಿದ್ದು 1913ರಲ್ಲಿ. ಬಲ ಸೋರಿಹೋಗಲು ಮುಖ್ಯ ಕಾರಣ ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದು ಎಂದು ಅವನ ಊಹೆ. ಆದರೆ ಹಿಟ್ಟಿನ ಗಿರಣಿಯ ಹಿಡಿಕೆ ತಿರುಗಿಸುತ್ತಿದ್ದ ಕೈದಿಗಳನ್ನು ಗಮನಿಸಿ ಇನ್ನೊಂದನ್ನೂ ಬರೆದಿಟ್ಟ: ಪಕ್ಕದವನು ತಿರುಗಿಸುತ್ತಾನೆಂಬ ನೆಚ್ಚಿಕೆಯಲ್ಲಿ ಪ್ರತಿಯೊಬ್ಬನೂ ಹಿಡಿಕೆಯ ಮೇಲೆ ಕೈ ಇಟ್ಟು ಅದು ತಿರುಗಿದ ಹಾಗೆ ತಿರುಗುತ್ತಿದ್ದ. ಮಾಜಾಳಿಯಲ್ಲಿ ನಾನು ಮಾಡಿದ್ದೂ ಅದನ್ನೇ.

ಹತ್ತು ಜನರ ನಡುವೆ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆಂದು ನೋಡುವ ಶಾಸ್ತ್ರ ಸಾಮಾಜಿಕ ಮನೋವಿಜ್ಞಾನ. ಅದರ ಹುಟ್ಟಿನ ಕಥೆ ಹೇಳುವಾಗ ಪಠ್ಯಗಳು ಸಾಮಾನ್ಯವಾಗಿ ರಿಂಗೆಲ್‌ಮನ್‌ನಿಂದ ಶುರು ಮಾಡುವುದಿಲ್ಲ. ಅಮೆರಿಕದ ನಾರ್ಮನ್ ಟ್ರಿಪ್ಲೆಟ್‌ನಿಂದ ಶುರು ಮಾಡುತ್ತವೆ. ಸೈಕಲ್ ಪಂದ್ಯದವರು ಒಬ್ಬರೇ ಓಡಿಸುವಾಗಿನದಕ್ಕಿಂತ ಎದುರಾಳಿ ಇದ್ದಾಗ ವೇಗವಾಗಿ ಹೋಗುವುದನ್ನು ಕಂಡ ಅವನು ಪ್ರಯೋಗಾಲಯದಲ್ಲಿ 40 ಮಕ್ಕಳ ಕೈಗೆ ಗಾಳದ ರೀಲು ಕೊಟ್ಟು ಸುತ್ತಿಸಿದ. ಸಮುದ್ರವಿಲ್ಲ, ಮೀನಿಲ್ಲ, ಬರೀ ರೀಲು. ಜೊತೆಗಾರ ಇದ್ದಾಗ 20 ಮಕ್ಕಳು ಚುರುಕಾದರು, 10 ಮಕ್ಕಳು ನಿಧಾನವಾದರು, ಉಳಿದ 10 ಮಕ್ಕಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. 1898ರಲ್ಲಿ ಇದು ಅಚ್ಚಾಯಿತು. ಅರ್ಧದಷ್ಟು ಮಕ್ಕಳು ಮಾತು ಕೇಳದ ಈ ಪ್ರಯೋಗ ಮುಂದೆ "ಜನ ಇದ್ದರೆ ಹುರುಪು ಹೆಚ್ಚುತ್ತದೆ" ಎಂಬುದಕ್ಕೆ ಸಾಕ್ಷಿಯಾಗಿ ನೂರು ವರ್ಷ ಓಡಾಡಿತು. ಇತ್ತೀಚೆಗೆ ಅದೇ ಅಂಕಿಗಳನ್ನು ಇಂದಿನ ಸಂಖ್ಯಾಶಾಸ್ತ್ರದಿಂದ ಮರುಪರಿಶೀಲಿಸಿದವರಿಗೆ ಅಲ್ಲಿ ಸಿಕ್ಕಿದ್ದು ತೀರಾ ಬಡಕಲು ಪುರಾವೆ.

ಆಮೇಲಿನ ಘಟ್ಟಗಳು ಬೇಗ ಮುಗಿಯುತ್ತವೆ. 1908ರಲ್ಲಿ ಸಾಮಾಜಿಕ ಮನೋವಿಜ್ಞಾನದ ಮೇಲೆ ಇಂಗ್ಲಿಷಿನಲ್ಲಿ ಎರಡು ಪುಸ್ತಕಗಳು ಒಟ್ಟಿಗೆ ಬಂದವು. ಊಹೆ ಬಿಟ್ಟು ಪ್ರಯೋಗಕ್ಕೆ ಬನ್ನಿ ಎಂದು 1924ರ ಪಠ್ಯದಲ್ಲಿ ಪಟ್ಟು ಹಿಡಿದವನು ಅಮೆರಿಕದ ಮನೋವಿಜ್ಞಾನಿ ಫ್ಲಾಯ್ಡ್ ಆಲ್‌ಪೋರ್ಟ್. ಅದೇ 1924ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಮನೋವಿಜ್ಞಾನಿ ಸ್ಪಿಯರ್‌ಮನ್ ಕೈಕೆಳಗೆ ಕಲಿತು ಬಂದವರು. ಕನ್ನಡಿಗರಿಗೆ ಮಾತ್ರ ಅವರ ನೆನಪು ಬೇರೆ ಕಾರಣಕ್ಕೆ: 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ "ಆಕಾಶವಾಣಿ" ಬಾನುಲಿ ಆರಂಭಿಸಿದವರೂ ಅವರೇ.

ಹಗ್ಗದ ಕಥೆಗೆ ಮತ್ತೆ ಜೀವ ಬಂದದ್ದು 1974ರಲ್ಲಿ. ಸಡಿಲವಾಗುವುದು ತಾಳ ತಪ್ಪಿದ್ದಕ್ಕೋ, ಮನಸ್ಸು ತಪ್ಪಿದ್ದಕ್ಕೋ? ಇವೆರಡನ್ನು ಬೇರ್ಪಡಿಸಲು ಇಂಗಮ್ ಮತ್ತು ಸಂಗಡಿಗರು ಒಂದು ಕುಟಿಲ ಉಪಾಯ ಮಾಡಿದರು. ಎಳೆಯುವವನ ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗದ ಮುಂಚೂಣಿಯಲ್ಲಿ ನಿಲ್ಲಿಸಿದರು. ಹಿಂದೆ ನಿಂತವರು ಪ್ರಯೋಗದವರದೇ ಜನ. ಎಳೆಯುವ ನಾಟಕವಷ್ಟೇ ಅವರದು, ಹಗ್ಗಕ್ಕೆ ಅವರ ಒಂದು ಗುಲಗಂಜಿ ಬಲವೂ ಇಲ್ಲ. ಹಾಗಾಗಿ ತಾಳ ತಪ್ಪುವ ಮಾತೇ ಇಲ್ಲ. ಆದರೂ ಬೆನ್ನ ಹಿಂದೆ ಒಬ್ಬನಿದ್ದಾನೆ ಎಂದುಕೊಂಡಾಗ ಬಲ ತನ್ನ ಪೂರ್ತಿ ಶಕ್ತಿಯ 90 ಪ್ರತಿಶತಕ್ಕೆ, ಇಬ್ಬರಿದ್ದಾರೆ ಎಂದುಕೊಂಡಾಗ 85ಕ್ಕೆ ಇಳಿಯಿತು. ಅಲ್ಲಿಂದಾಚೆ ಎಷ್ಟು ಜನ ಸೇರಿಸಿದರೂ ಹೆಚ್ಚೇನೂ ಇಳಿಯಲಿಲ್ಲ. ಮೈಗಳ್ಳನಾಗಲು ಮನುಷ್ಯನಿಗೆ ಜಾತ್ರೆ ಬೇಕಿಲ್ಲ, ಇಬ್ಬರು ಸಾಕು.

ಐದು ವರ್ಷದ ನಂತರ ಬಿಬ್ ಲತಾನೆ, ವಿಲಿಯಮ್ಸ್, ಹಾರ್ಕಿನ್ಸ್ ಸೇರಿ ಹಗ್ಗದ ಬದಲು ಗಂಟಲು ಆರಿಸಿಕೊಂಡರು. ಎಷ್ಟು ಜೋರಾಗಿ ಸಾಧ್ಯವೋ ಅಷ್ಟು ಜೋರಾಗಿ ಕೂಗಿ, ಚಪ್ಪಾಳೆ ತಟ್ಟಿ ಎಂದರು. 6 ಜನ ಕೂಡಿ ಮಾಡಿದ ಸದ್ದು, ಆ 6 ಜನ ಒಬ್ಬೊಬ್ಬರೇ ಮಾಡಬಲ್ಲ ಸದ್ದಿನ ಮೊತ್ತದ 40 ಪ್ರತಿಶತದಷ್ಟೇ ಇತ್ತು. ಇದಕ್ಕೆ ಅವರಿಟ್ಟ ಹೆಸರು "ಸೋಷಿಯಲ್ ಲೋಫಿಂಗ್". ಪಠ್ಯದ ಅನುವಾದಕ್ಕೆ ಹೊರಟರೆ "ಸಾಮಾಜಿಕ ಆಲಸ್ಯ" ಎಂದು ಏನೋ ಒಣ ಮಾತು ಸಿಗುತ್ತದೆ. ಮೈಗಳ್ಳತನ ಎಂಬ ಮಾತು ಇರುವಾಗ ಅದೆಲ್ಲ ಯಾಕೆ ಬೇಕು? ಮೈ ಅಲ್ಲೇ ಇದೆ, ಕದ್ದವನೂ ಅಲ್ಲೇ ಇದ್ದಾನೆ. ಆ ಮಾತು ಮಾಡಿದವರು ಹಗ್ಗ ಎಳೆದವರೇ ಇರಬೇಕು.

ಈ ಲತಾನೆಯೇ 1968ರಲ್ಲಿ ಜಾನ್ ಡಾರ್ಲಿಯ ಜೊತೆ ಇನ್ನೊಂದು ಹೆಸರಾಂತ ಪ್ರಯೋಗ ಮಾಡಿದ್ದ: ಆಪತ್ತಿನ ಕೂಗು ಕೇಳಿದಾಗ, ಬೇರೆಯವರೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ತಿಳಿದವನು ಎದ್ದು ಬರುವುದು ತಡ. ಎರಡರ ಬೇರೂ ಒಂದೇ. ಹೊಣೆ ಹತ್ತು ಜನರಿಗೆ ಹಂಚಿಹೋದರೆ ಯಾರ ಹೆಗಲಿಗೂ ಭಾರ ಅನ್ನಿಸುವುದಿಲ್ಲ.

ಆದರೆ ನನಗೆ ಹೆಚ್ಚು ಬೆಲೆಯದ್ದೆನಿಸುವುದು 1981ರ ಪ್ರಯೋಗ. ಅದೇ ಮೂವರು, ಅದೇ ಕೂಗಾಟ, ಒಂದೇ ವ್ಯತ್ಯಾಸ: ನಿಮ್ಮ ನಿಮ್ಮ ಸದ್ದನ್ನು ಬೇರೆಬೇರೆಯಾಗಿ ಅಳೆಯುತ್ತೇವೆ ಎಂದು ಹೇಳಿದರು. ಮೈಗಳ್ಳತನ ಮಾಯವಾಯಿತು. ಕೊಳಕ್ಕೆ ಮನೆಗೊಂದು ಚೊಂಬು ಹಾಲು ಹೊಯ್ಯಿರಿ ಎಂದು ರಾಜ ಹೇಳಿದ ಕಥೆ ನಮಗೆಲ್ಲ ಗೊತ್ತಲ್ಲ. ಬೆಳಗಾಗುವಾಗ ಕೊಳದ ತುಂಬ ನೀರು. ಆ ಕಥೆಯಲ್ಲಿ ಹೊಯ್ಯುವುದು ರಾತ್ರಿ ಎಂಬುದನ್ನು ಮರೆಯಬಾರದು. 1981ರ ಪ್ರಯೋಗ ಎಂದರೆ ಅದೇ ಕಥೆಯನ್ನು ಹಗಲಿನಲ್ಲಿ ನಡೆಸಿದ್ದು.

ಶಿರಸಿಯ ಕಡೆಯ ಅಡಕೆ ಮನೆಗಳಿಗೆ ಇದು ಪ್ರಯೋಗಕ್ಕೆ ಮುಂಚೆಯೇ ಗೊತ್ತಿತ್ತು. ಕೊಯ್ಲಿನ ದಿನಗಳಲ್ಲಿ ಅಂಗಳದಲ್ಲೋ ಹೊರಜಗುಲಿಯಲ್ಲೋ ಹತ್ತು ಹನ್ನೆರಡು ಜನ ಸುತ್ತ ಕೂತು ಹಸಿ ಅಡಕೆ ಸುಲಿಯುತ್ತಾರೆ. ಮಧ್ಯೆ ರಾಶಿ ಒಂದೇ, ಹರಟೆ ಒಂದೇ. ಆದರೆ ಮೆಟ್ಟುಗತ್ತಿ ಅವರವರದ್ದು, ಸುಲಿದ ಅಡಕೆ ಬೀಳುವ ಡಬ್ಬ ಅವರವರದ್ದು. ಡಬ್ಬ ತುಂಬಿದ್ದಕ್ಕೆ ಕೂಲಿ. ರಾತ್ರಿ ಎಷ್ಟೇ ಕಥೆ ಹೇಳಲಿ, ಕೈ ನಿಂತರೆ ಡಬ್ಬವೇ ಹೇಳುತ್ತದೆ. ದುಡ್ಡಿಲ್ಲದೆ ನಡೆಯುವ ಮುಯ್ಯಾಳಿಗೆ (ಘಟ್ಟದ ಮೇಲೆ ಹಲವರ ಬಾಯಲ್ಲಿ ಮುರಿಯಾಳು) ಡಬ್ಬ ಬೇಡ. ಇವತ್ತು ನಮ್ಮ ಗದ್ದೆಗೆ ಬಂದು ಬೆನ್ನು ಬಗ್ಗಿಸದವನ ಮನೆಗೆ ನಾಳೆ ನಾವು ಹೋದಾಗ ನಮ್ಮ ಬೆನ್ನೂ ಅಷ್ಟೇ ಬಗ್ಗುತ್ತದೆ. ಲೆಕ್ಕದ ಪುಸ್ತಕ ಊರಿನ ನೆನಪಿನಲ್ಲಿರುತ್ತದೆ.

ರಂಪಣಿಗೆ ಇದು ಇನ್ನೂ ಕಷ್ಟದ ಪರೀಕ್ಷೆ, ಯಾಕೆಂದರೆ ಹಗ್ಗಕ್ಕೆ ಡಬ್ಬ ಇಲ್ಲ. ದೊಡ್ಡ ರಂಪಣಿಗೆ ಹತ್ತಾರು ಜನ ಬೇಕಿತ್ತು. ರಿಂಗೆಲ್‌ಮನ್‌ನ 14 ಜನರ ಲೆಕ್ಕವನ್ನು ಅಲ್ಲಿಗೆ ಹಚ್ಚಿದರೆ ಬಂಗಡೆ ದಂಡೆ ಮುಟ್ಟಲೇಬಾರದಿತ್ತು. ಮುಟ್ಟುತ್ತಿತ್ತು, ರಾಶಿ ರಾಶಿ. ಅವನು ಕಂಡ ಎರಡು ರೋಗಕ್ಕೂ ದಂಡೆಯಲ್ಲಿ ಬೇರೆಬೇರೆ ಮದ್ದಿತ್ತು ಎನ್ನುವುದು ನನ್ನ ಎಣಿಕೆ. ತಾಳ ತಪ್ಪುವುದಕ್ಕೆ ಐಲೇಸಾ: ಆ ಕೂಗು ಹಾಡಲ್ಲ, ಗಡಿಯಾರ. ಮನಸ್ಸು ತಪ್ಪುವುದಕ್ಕೆ ಪಾಲು: ಬಲೆಗೆ, ದೋಣಿಗೆ, ಎಳೆದ ಕೈಗೆ ಹಿಡಿದದ್ದರಲ್ಲಿ ಹಂಚಿಕೆ. ಜೊತೆಗೆ ಹಗ್ಗದ ಮುಂದೆ ಹಿಂದೆ ಇದ್ದವರು ಅಣ್ಣ, ಭಾವ, ನೆರೆಮನೆಯವ. ಸಡಿಲ ಬಿಟ್ಟವನು ಸಂಜೆ ಅದೇ ಕೇರಿಗೆ ಹೋಗಬೇಕು.

ಪ್ರಯೋಗಾಲಯಗಳು ಬಹುಕಾಲ ನೋಡಿದ್ದು ಇದಕ್ಕೆ ತದ್ವಿರುದ್ಧ ಜನರನ್ನು: ಒಬ್ಬರಿಗೊಬ್ಬರು ಪರಿಚಯವಿಲ್ಲದ, ಒಂದು ತಾಸಿಗೆ ಸೇರಿ ಚದುರುವ ಕಾಲೇಜು ಹುಡುಗರು. ಕ್ರಿಸ್ಟೋಫರ್ ಅರ್ಲಿ 1989ರಲ್ಲಿ ಅಮೆರಿಕದ ಮತ್ತು ಚೀನಾದ ಮ್ಯಾನೇಜರುಗಳಿಗೆ ಒಂದೇ ಕೆಲಸ ಕೊಟ್ಟಾಗ, ಗುಂಪಿನ ಮರೆ ಸಿಕ್ಕಿದ ಅಮೆರಿಕನ್ನರು ನಿಧಾನವಾದರು, ಚೀನಾದವರು ಆಗಲಿಲ್ಲ. ಪೂರ್ವದವರು ಮೈಗಳ್ಳರಲ್ಲ ಎಂದು ಕುಣಿಯುವ ಹಾಗಿರಲಿಲ್ಲ. 1993ರಲ್ಲಿ ಅವನೇ ಇನ್ನೊಮ್ಮೆ ಕೆದಕಿದಾಗ ಕಂಡದ್ದು: ಕೂಡುಬಾಳಿನ ಸಂಸ್ಕೃತಿಯವರು ತಮ್ಮವರ ಜೊತೆಯಲ್ಲಿ ಚುರುಕು, ಹೊರಗಿನವರ ಜೊತೆಯಲ್ಲಿ ಅವರೂ ಸಡಿಲ. ಊರ ಕೆರೆಯ ಹೂಳು ಎತ್ತಲು ಬೆಳಗಾಗುವ ಮುಂಚೆ ಬರುವವನೇ ಸರ್ಕಾರಿ ಕಾಮಗಾರಿಯಲ್ಲಿ ಸಲಿಕೆಗೆ ಗದ್ದ ಊರಿ ನಿಲ್ಲುವುದನ್ನು ಕಂಡವರಿಗೆ ಇದು ಅಚ್ಚರಿಯಲ್ಲ. ಅದೇ ವರ್ಷ ಕರೌ ಮತ್ತು ವಿಲಿಯಮ್ಸ್ 78 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದರು. ಮೈಗಳ್ಳತನ ನಿಜ, ಆದರೆ ಕೆಲಸಕ್ಕೆ ಅರ್ಥವಿದ್ದಾಗ, ಗುಂಪು ತನ್ನದೆನಿಸಿದಾಗ, ತನ್ನ ಪಾಲಿಲ್ಲದೆ ಕೆಲಸ ಕೂಡಿಬರದು ಎನ್ನಿಸಿದಾಗ ಅದು ಕರಗುತ್ತದೆ.

ಈ ಶಾಸ್ತ್ರಕ್ಕೆ ತನ್ನ ಮೇಲೇ ಅನುಮಾನ ಹುಟ್ಟಿದ್ದು ಆಮೇಲೆ. ಪ್ರಮುಖ ಪತ್ರಿಕೆಗಳ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ 96 ಪ್ರತಿಶತ ಜನ ಪಾಶ್ಚಾತ್ಯ ಕೈಗಾರಿಕಾ ದೇಶದವರು, ಆ ದೇಶಗಳಲ್ಲಿರುವುದು ಲೋಕದ ಜನಸಂಖ್ಯೆಯ 12 ಪ್ರತಿಶತ ಮಾತ್ರ ಎಂದು 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಎತ್ತಿ ತೋರಿಸಿದರು. 2015ರಲ್ಲಿ ನೂರು ಮನೋವಿಜ್ಞಾನ ಅಧ್ಯಯನಗಳನ್ನು ಹೊಸದಾಗಿ ಮಾಡಿ ನೋಡಿದಾಗ ಮೊದಲಿನ ಫಲಿತಾಂಶ ಮರಳಿದ್ದು ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚಿನವುಗಳಲ್ಲಿ. ಸಾಮಾಜಿಕ ಮನೋವಿಜ್ಞಾನದ್ದಂತೂ ಕಾಲು ಭಾಗ. ಈಗ ಪ್ರಯೋಗಕ್ಕೆ ಮೊದಲೇ ಏನನ್ನು ಹುಡುಕುತ್ತೇವೆ ಎಂದು ನೋಂದಾಯಿಸುವ, ಅಂಕಿಗಳನ್ನು ಎಲ್ಲರೆದುರು ತೆರೆದಿಡುವ ಪದ್ಧತಿ ಬೇರೂರುತ್ತಿದೆ. ಅಡಕೆಯ ಡಬ್ಬ ಕೊನೆಗೆ ವಿಜ್ಞಾನಿಗಳ ಮುಂದೆಯೂ ಬಂತು ಎನ್ನಿ.

ಇತ್ತ ದಂಡೆಯಲ್ಲಿ ಹಗ್ಗವೇ ಸಣ್ಣದಾಯಿತು. 1970ರ ದಶಕದ ನಡುವಿನಿಂದ ಬಲೆಯನ್ನು ಚೀಲದ ಬಾಯಿಯಂತೆ ಬಿಗಿಯುವ ಪರ್ಸೀನ್ ಬೋಟುಗಳು ಬಂದು ಬಂಗಡೆ, ತಾರ್ಲೆಯ ಹಿಂಡನ್ನು ದಂಡೆಗೆ ಬರುವ ಮೊದಲೇ ಆಳದಲ್ಲಿ ಸುತ್ತುವರಿದವು. ಬೋಟಿನವರಿಗೂ ರಂಪಣಿಯವರಿಗೂ ಜಗಳಗಳಾದವು. ದೊಡ್ಡ ರಂಪಣಿ ಮೂಲೆ ಸೇರಿತು, ಚಿಕ್ಕ ಕೈರಂಪಣಿ ಉಳಿಯಿತು.

ಆ ಬೆಳಿಗ್ಗೆ ಮುದುಕನ ಮಾತಿನ ನಂತರ ನಾನು ನಿಜವಾಗಿ ಎಳೆದೆ. ಬಲೆಯ ಹೊಟ್ಟೆ ಅಲೆಯಂಚಿಗೆ ಬಂದಾಗ ಮೇಲೆ ಹದ್ದುಗಳು, ಕೆಳಗೆ ನಾಯಿಗಳು. ಮೀನು ಅಷ್ಟೇನೂ ಇರಲಿಲ್ಲ. ಪಾಲುದಾರರಿಗೆ ಬುಟ್ಟಿಗಳಲ್ಲಿ ಹೋಯಿತು. ಕೈ ಹಾಕಿದ ಬಿಟ್ಟಿಯವರಿಗೆ ಮುದುಕನೇ ಬೊಗಸೆಯಲ್ಲಿ ತೆಗೆದು ಕೊಟ್ಟ. ನನಗೆ ಬಂದದ್ದು 7 ತಾರ್ಲೆ, ನನ್ನ ಮುಂದೆ ಎಳೆಯುತ್ತಿದ್ದ ಶಾಲೆಯ ಹುಡುಗನಿಗೆ 12. ನಾನು ಎಣಿಸುತ್ತಿದ್ದುದನ್ನು ಮುದುಕ ನೋಡಿದ, ಏನೂ ಹೇಳದೆ ಹಗ್ಗ ಸುತ್ತತೊಡಗಿದ.