ಚೆಂದದ ಮರದ ಬೀಜ ಹಾಕಿದರೆ ಚೆಂದದ ತೋಪು ಬರುತ್ತಾ?

ಮರಗಳ ತಳಿ ಅಭಿವೃದ್ಧಿ ಓದುವಾಗ ತುಂಬ ಜನ ಎಡವುವುದು ಈ ಪ್ರಶ್ನೆಯಲ್ಲೇ. ತೋಪಿನಲ್ಲಿ ಎತ್ತರಕ್ಕೆ, ನೆಟ್ಟಗೆ, ರೋಗವಿಲ್ಲದೆ ಬೆಳೆದ ಮರವನ್ನು ಪ್ಲಸ್ ಮರ ಎಂದು ಆರಿಸುತ್ತಾರೆ. ಆದರೆ ಪಕ್ಕದ ಮರ ಸತ್ತು ಬಿಸಿಲು ಜಾಸ್ತಿ ಸಿಕ್ಕರೂ ಮರ ದಪ್ಪ ಆಗುತ್ತೆ, ಅಲ್ವಾ? ಅದಕ್ಕೇ ತೋಪಿನ ಅಂಚಿನ ಮರಗಳನ್ನು ಬಿಟ್ಟು, ಒಳಗಿನ ಮರವನ್ನು ಅದೇ ವಯಸ್ಸಿನ ನೆರೆಮರಗಳ ಜೊತೆ ಹೋಲಿಸುತ್ತಾರೆ.

ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ಉದಾಹರಣೆಗೆ ಮಾತ್ರ. ತೋಪಿನ ಸರಾಸರಿ ಎತ್ತರ 15 ಮೀಟರ್, ಆರಿಸಿದ ಮರಗಳದ್ದು 19. ವ್ಯತ್ಯಾಸ 4. ಇದರಲ್ಲಿ ಮಕ್ಕಳಿಗೆ ದಾಟುವ ಪಾಲನ್ನು ಆನುವಂಶಿಕತೆ ಎನ್ನುತ್ತಾರೆ. ಅದು 0.2 ಇದ್ದರೆ ಲಾಭ 4 × 0.2, ಅಂದರೆ 0.8 ಮೀಟರ್. ಅದೂ ತಾಯಿ, ತಂದೆ ಎರಡೂ ಆರಿಸಿದ ಮರಗಳಾಗಿದ್ದರೆ. ತೋಪಿನಲ್ಲೇ ನಿಂತ ಮರದ ಬೀಜಕ್ಕೆ ಪರಾಗ ಯಾವ ಮರದಿಂದಲಾದರೂ ಬಂದಿರಬಹುದು. ಆಗ ಸಿಗುವುದು ಅರ್ಧ, 0.4 ಮೀಟರ್. ಪ್ಲಸ್ ಮರಗಳ ಕಸಿಗಿಡಗಳನ್ನು ಒಟ್ಟಿಗೆ, ಬೇರೆ ತೋಪುಗಳಿಂದ ದೂರದಲ್ಲಿ ಬೆಳೆಸಿ ಬೀಜ ತೋಟ ಮಾಡುವುದು ಈ ಉಳಿದರ್ಧಕ್ಕಾಗಿ.

ಮರದ ನಿಜವಾದ ಬೆಲೆ ತಿಳಿಯುವುದು ಸಂತತಿ ಪರೀಕ್ಷೆಯಲ್ಲಿ. ಪ್ರತಿ ತಾಯಿಮರದ ಸಸಿಗಳನ್ನು ಬೇರೆ ಬೇರೆ ಗುರುತು ಹಾಕಿ, ಹಲವು ಬ್ಲಾಕ್‌ಗಳಲ್ಲಿ ಚದುರಿಸಿ ನೆಡುತ್ತಾರೆ. ಒಂದು ಮೂಲೆಯ ಮಣ್ಣು ಫಲವತ್ತಾಗಿದ್ದರೆ ಅದರ ಲಾಭ ಒಂದೇ ಕುಟುಂಬಕ್ಕೆ, ಅಂದರೆ ಒಂದೇ ತಾಯಿಮರದ ಸಸಿಗಳಿಗೆ, ಹೋಗಬಾರದು. ಒಂದೇ ಊರಿನಲ್ಲಿ ಪರೀಕ್ಷಿಸಿದರೂ ಸಾಲದು: ಮಳೆ ಜಾಸ್ತಿ ಇರುವ ಕಡೆ ಗೆದ್ದ ಕುಟುಂಬ ಒಣ ಜಾಗದಲ್ಲಿ ಸೋಲಬಹುದು.

ಕ್ಲೋನ್ ದಾರಿ ಬೇರೆ: ಬೀಜವಿಲ್ಲದೆ, ಮರದ ಕಡ್ಡಿಗೇ ಬೇರು ಬರಿಸಿ ಅದೇ ಮರದ ನಕಲು ಬೆಳೆಸುವುದು. ಮರದ ವಂಶಗುಣ ಪೂರ್ತಿ ಹಾಗೇ ಬರುತ್ತೆ. ಆದರೆ ದೊಡ್ಡ ಮರದ ಟೊಂಗೆ ಸುಲಭವಾಗಿ ಬೇರು ಬಿಡುವುದಿಲ್ಲ. ಬ್ರೆಜಿಲ್‌ನಲ್ಲಿ 1970ರ ದಶಕದಲ್ಲಿ ಕಾಂಡದ ತೊಗಟೆ ಹುಣ್ಣಾಗುವ ಕ್ಯಾಂಕರ್ ರೋಗ ನೀಲಗಿರಿ ತೋಪುಗಳನ್ನು ಕಾಡಿತು. ರೋಗ ತಡೆದು ನಿಂತ ಒಳ್ಳೆಯ ಮರಗಳನ್ನು ಕಡಿದು, ಬುಡದಿಂದ ಚಿಗುರಿದ ಎಳೆ ಕಡ್ಡಿಗಳಿಗೆ ಬೇರು ಬರಿಸಿದರು. ಬುಡದ ಚಿಗುರು ಎಳೆಗಿಡದ ಹಾಗೆ ನಡೆದುಕೊಳ್ಳುತ್ತೆ. ಸುಮ್ನೆ ಬಾಯಿಪಾಠ ಮಾಡದೆ ಈ ಕಾರಣ ನೆನಪಿಡಿ. ಮ್ಯಾಂಜಿಯಂ ಮತ್ತು ಆರಿಕ್ಯುಲಿಫಾರ್ಮಿಸ್ ಎಂಬ ಎರಡು ಅಕೇಶಿಯಾ ಜಾತಿಗಳ ಮಿಶ್ರತಳಿಯನ್ನೂ ಕಡ್ಡಿಯಿಂದಲೇ ಬೆಳೆಸುತ್ತಾರೆ. ಅದರ ಬೀಜ ಹಾಕಿದರೆ ಗುಣಗಳು ಚೆದುರಿ, ಸಸಿಗಳು ಒಂದೊಂದು ಥರ ಬರುತ್ತವೆ.

ನನಗೆ ತುಂಬ ಇಷ್ಟವಾದ ತೊಡಕು ತೇಗದ್ದು. ತೇಗದ ಮೊದಲ ಹೂಗೊಂಚಲು ಮುಖ್ಯ ಕಾಂಡದ ತುದಿಯಲ್ಲೇ ಬರುತ್ತೆ. ಅಲ್ಲಿಗೆ ನೇರ ಬೆಳವಣಿಗೆ ನಿಂತು, ಕೆಳಗಿನ ಎರಡು ಮೊಗ್ಗು ಚಿಗುರಿ ಕಾಂಡ ಕವಲೊಡೆಯುತ್ತದೆ. ಹಾಗಾಗಿ ಉದ್ದ ದಿಮ್ಮಿ ಬೇಕಾದರೆ ತಡವಾಗಿ ಹೂಬಿಡುವ ಮರವನ್ನೇ ಆರಿಸಬೇಕು. ಆದರೆ ಅಂಥ ಮರಗಳಿಂದ ಕಟ್ಟಿದ ಬೀಜ ತೋಟದಲ್ಲಿ ಬೀಜಕ್ಕೆ ವರ್ಷಗಟ್ಟಲೆ ಕಾಯಬೇಕಾಗುತ್ತೆ.