ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ: ಓವೇರ್ ಹಳ್ಳಿಗೆ ಹೊರಟವರಿಗೆ

ಪ್ರಶ್ನೆ: “ಮಗಳ ಮನೆಗೆ ಅಂತ ಪ್ಯಾರಿಸ್‌ಗೆ ಬಂದಿದ್ದೇವೆ. ಚಿತ್ರಕಾರ ವ್ಯಾನ್ ಗೋ ತೀರಿಕೊಂಡ ಹಳ್ಳಿ ಹತ್ತಿರದಲ್ಲೇ ಇದೆಯಂತೆ. ಅವನ ಕೊನೆಯ ಚಿತ್ರದಲ್ಲಿರುವ ಕಾಗೆಗಳ ಗೋಧಿ ಹೊಲ ನೋಡಬಹುದಾ? ಒಂದು ದಿನ ಸಾಕಾಗುತ್ತಾ?”

ಒಂದು ದಿನ ಧಾರಾಳವಾಗಿ ಸಾಕು. ಹೊಲವನ್ನೂ ನೋಡಬಹುದು. ಆದರೆ ಅದು ಅವನ ಕೊನೆಯ ಚಿತ್ರ ಅಲ್ಲ. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಮೊದಲು ದಾರಿ ಹೇಳಿ ಮುಗಿಸುತ್ತೇನೆ. ಊರಿನ ಹೆಸರು ಓವೇರ್-ಸ್ಯುರ್-ವಾಜ್. ವಾಜ್ ನದಿಯ ದಂಡೆಯ ಓವೇರ್ ಅಂತ ಅರ್ಥ. ಪ್ಯಾರಿಸ್‌ನಿಂದ ಸುಮಾರು 30 ಕಿಲೋಮೀಟರ್. ಗಾರ್ ದ್ಯು ನೊರ್ ಸ್ಟೇಷನ್‌ನಲ್ಲಿ ಪೊಂತ್ವಾಜ್ ಟ್ರೈನ್ ಹತ್ತಿ, ಅಲ್ಲಿ ಇಳಿದು ಇನ್ನೊಂದು ಟ್ರೈನ್ ಹಿಡಿಯಬೇಕು. ದೂರ ಕಮ್ಮಿ, ಆದರೂ ಕಾಯುವುದೆಲ್ಲ ಸೇರಿ ಗಂಟೆಯ ಮೇಲೆ ಆಗುತ್ತದೆ. ವ್ಯಾನ್ ಗೋ ಇದ್ದ ರಾವೂ ಛತ್ರ ಚಳಿಗಾಲದಲ್ಲಿ ಮುಚ್ಚಿರುತ್ತದೆ, ವಾರದ ಎಲ್ಲ ದಿನವೂ ತೆಗೆದಿರುವುದಿಲ್ಲ. ನೋಡಿಕೊಂಡು ಹೊರಡಿ. ಇನ್ನೊಂದು ಮಾತು, ಅವನ ಚಿತ್ರಗಳನ್ನು ನೋಡಲು ಅಲ್ಲಿಗೆ ಹೋಗಬೇಡಿ. ಅವನು ಅಲ್ಲಿ ಬಿಡಿಸಿದ ಓವೇರ್ ಚರ್ಚ್ ಈಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ, ಅದನ್ನು ಹಿಂದಿನ ದಿನವೇ ನೋಡಿಕೊಳ್ಳಿ. ಊರಲ್ಲಿರುವುದು ಅವನು ನಿಂತು ಬಿಡಿಸಿದ ಜಾಗಗಳು, ಆ ಜಾಗಗಳಲ್ಲಿ ನಿಲ್ಲಿಸಿರುವ ಚಿತ್ರದ ಬೋರ್ಡುಗಳು. ಬೋರ್ಡಲ್ಲಿರುವ ಚರ್ಚನ್ನೂ ಎದುರಿಗಿರುವ ಚರ್ಚನ್ನೂ ಒಮ್ಮೆಗೇ ನೋಡುವಾಗ ಆಗುವ ಖುಷಿಯೇ ಬೇರೆ. ಚಿತ್ರದಲ್ಲಿ ಕಲ್ಲಿನ ಗೋಡೆ ನೀರೊಳಗಿದ್ದ ಹಾಗೆ ತೊನೆಯುತ್ತಿರುತ್ತದೆ, ಎದುರಿಗೆ ಮಾತ್ರ ಎಂಟು ಶತಮಾನ ಹಳೆಯ ಚರ್ಚು ಗಟ್ಟಿಯಾಗಿ, ನೆಟ್ಟಗೆ ನಿಂತಿರುತ್ತದೆ.

ಈಗ ಕಾಗೆಗೆ ಬರೋಣ.

ಹೋದ ವರ್ಷ ತಿಪಟೂರಿನಿಂದ ಬಂದಿದ್ದ ನಮ್ಮ ಸೋದರಮಾವನನ್ನು ಆ ಹೊಲಕ್ಕೆ ಕರೆದುಕೊಂಡು ಹೋಗಿದ್ದೆ. ಚರ್ಚಿನ ಪಕ್ಕದಿಂದ ಏರು ಹತ್ತಿದರೆ ಸಿಗುತ್ತದೆ, ಸ್ಮಶಾನಕ್ಕೆ ಹೋಗುವ ದಾರಿಯಲ್ಲೇ. ಮಾವ ಬೋರ್ಡ್ ನೋಡಿದರು. ಕಪ್ಪು ನೀಲಿ ಆಕಾಶ, ಹಳದಿ ಗೋಧಿ, ನಡುವೆ ಎಲ್ಲಿಗೂ ತಲುಪದ ಒಂದು ದಾರಿ, ಮೇಲೆ ಕಾಗೆ ಹಿಂಡು. “ನೋಡೋ, ಅವನಿಗೆ ಗೊತ್ತಾಗಿತ್ತು” ಅಂದರು, ಕೈ ಮುಗಿದರು. ಅವರದ್ದೇನೂ ತಪ್ಪಿಲ್ಲ ಬಿಡಿ. ತಿಥಿ ದಿನ ಪಿಂಡ ಇಟ್ಟು ಕಾಗೆಗಾಗಿ ಕಾಯುವ ಜನ ನಾವು, ಕಾಗೆ ಕಂಡರೆ ನಮಗೆ ಇನ್ನೇನು ನೆನಪಾಗಬೇಕು? ಆದರೆ ಇದು ನಮ್ಮೊಬ್ಬರ ಕಥೆ ಅಲ್ಲ. 1956ರಲ್ಲಿ ಬಂದ ಹಾಲಿವುಡ್ ಸಿನಿಮಾದಲ್ಲಿ ಅವನು ಕಾಗೆಗಳನ್ನು ಬಿಡಿಸುತ್ತ ಬಿಡಿಸುತ್ತಲೇ ಗುಂಡು ಹೊಡೆದುಕೊಳ್ಳುವ ಹಾಗೆ ತೋರಿಸಿದರು. ಅಲ್ಲಿಂದ ಶುರುವಾಗಿ ಇಡೀ ಜಗತ್ತು ಅದನ್ನೇ ನಂಬಿಕೊಂಡಿದೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತೀವಲ್ಲ, ಇಲ್ಲಿ ಅದೂ ಅಲ್ಲ. ಇಲ್ಲಿ ಕಾಗೆ ಕೂತು ಎದ್ದುಹೋಗಿ ಎರಡು ವಾರದ ಮೇಲಾದ ನಂತರ ಕೊಂಬೆ ಮುರಿದದ್ದು.

ತಾರೀಖು ನೋಡಿ. ಅವನು ಓವೇರ್‌ಗೆ ಬಂದದ್ದು 1890ರ ಮೇ 20ಕ್ಕೆ. ಗುಂಡು ಹೊಡೆದುಕೊಂಡದ್ದು ಜುಲೈ 27ಕ್ಕೆ, ತೀರಿಕೊಂಡದ್ದು 29ಕ್ಕೆ. ವಯಸ್ಸು 37. ಆ 70 ದಿನಗಳಲ್ಲಿ ಬಿಡಿಸಿದ್ದು 70ಕ್ಕೂ ಹೆಚ್ಚು ಚಿತ್ರ, ಅಂದರೆ ದಿನಕ್ಕೊಂದರ ಲೆಕ್ಕ. ಜುಲೈ 10ರ ಸುಮಾರಿಗೆ ತಮ್ಮ ತಿಯೋಗೆ ಒಂದು ಕಾಗದ ಬರೆಯುತ್ತಾನೆ. ಕದಡಿದ ಆಕಾಶದ ಕೆಳಗಿನ ವಿಶಾಲ ಗೋಧಿ ಹೊಲಗಳ ದೊಡ್ಡ ಚಿತ್ರಗಳನ್ನು ಮುಗಿಸಿದ್ದೇನೆ, ಅವುಗಳಲ್ಲಿ ದುಃಖವನ್ನೂ ತೀರದ ಒಂಟಿತನವನ್ನೂ ಹೇಳಲು ನೋಡಿದ್ದೇನೆ ಅಂತ. ಕಾಗೆಗಳ ಚಿತ್ರ ಅವುಗಳಲ್ಲೊಂದು ಎಂಬುದು ಬಲ್ಲವರ ಮಾತು. ಎಲ್ಲರೂ ಇಷ್ಟು ಓದಿ ಕಾಗದ ಮಡಚಿಡುತ್ತಾರೆ. ಮುಂದಿನ ಸಾಲು ಓದುವವರೇ ಇಲ್ಲ! ಹಳ್ಳಿಯ ಬದುಕಲ್ಲಿ ಆರೋಗ್ಯ ಕೊಡುವಂಥದ್ದು, ಶಕ್ತಿ ತುಂಬುವಂಥದ್ದು ಏನಿದೆ ಅಂತ ನನಗೆ ಅನ್ನಿಸುತ್ತದೋ ಅದನ್ನು ಈ ಚಿತ್ರಗಳೇ ನಿಮಗೆ ಹೇಳುತ್ತವೆ ಅನ್ನುವ ಅರ್ಥದ ಮಾತು ಅದೇ ಕಾಗದದಲ್ಲಿದೆ. ಅದೇ ಹೊಲ, ಅದೇ ಕೈ.

ಕಾಗದ ಬೇಡ ಅನ್ನುವವರಿಗೆ ಛತ್ರದ ಬಾಗಿಲಲ್ಲೇ ಸಾಕ್ಷಿ ಇದೆ. ಬೆನ್ನು ತಿರುಗಿಸಿ ಎದುರು ನೋಡಿ. ಊರಿನ ಪುರಸಭೆಯ ಕಟ್ಟಡ. ಜುಲೈ 14ರ ರಾಷ್ಟ್ರೀಯ ಹಬ್ಬಕ್ಕೆ ಬಾವುಟ, ಬಣ್ಣದ ಕಾಗದದ ಬುಟ್ಟಿದೀಪ ಕಟ್ಟಿದ್ದ ಆ ಕಟ್ಟಡವನ್ನು ಅವನು ಬಿಡಿಸಿದ್ದಾನೆ. ಜುಲೈ 10 ಮೊದಲು ಬರುತ್ತದಾ 14 ಮೊದಲು ಬರುತ್ತದಾ? ಇದಕ್ಕೆ ಕಲಾ ಇತಿಹಾಸ ಓದಿರಬೇಕಾಗಿಲ್ಲ, ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಸಾಕು.

ಹಾಗಾದರೆ ಕೊನೆಯದು ಯಾವುದು? ಬೇರುಗಳು. ಹೌದು, ಬರೀ ಮರದ ಬೇರುಗಳು. ಇಳಿಜಾರಿನಲ್ಲಿ ಮಣ್ಣು ಬಿಟ್ಟು ಹೊರಗೆ ಬಂದ ಬೇರು, ಬೊಡ್ಡೆ, ಚಿಗುರು, ಎಲ್ಲ ನೀಲಿ ಹಸಿರು ಹಳದಿ. ಮೊದಲ ನೋಟಕ್ಕೆ ಏನು ಬಿಡಿಸಿದ್ದಾನೆ ಅಂತಲೇ ಗೊತ್ತಾಗುವುದಿಲ್ಲ. ಪೂರ್ತಿಯಾಗದ ಚಿತ್ರ, ಈಗ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ. ತಿಯೋನ ಭಾವಮೈದ ಆಂಡ್ರೀಸ್ ಬೊಂಗರ್ ಆಗಲೇ ಬರೆದಿಟ್ಟಿದ್ದ, ಗುಂಡು ಹೊಡೆದುಕೊಂಡ ದಿನ ಬೆಳಿಗ್ಗೆ ವ್ಯಾನ್ ಗೋ ಬಿಡಿಸಿದ್ದು ಬಿಸಿಲು, ಜೀವ ತುಂಬಿದ ಒಂದು ಕಾಡಿನ ನೋಟ ಅಂತ. ಆದರೆ ಜಾಗ ಯಾವುದು ಅನ್ನುವುದು 130 ವರ್ಷ ಯಾರಿಗೂ ಹೊಳೆಯಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ವೌಟರ್ ವಾನ್ ಡೆರ್ ವೇನ್ ಎಂಬ ಸಂಶೋಧಕ ಮನೆಯಲ್ಲಿ ಕೂತು ಓವೇರ್‌ನ ಹಳೇ ಪೋಸ್ಟ್‌ಕಾರ್ಡುಗಳನ್ನು ನೋಡುತ್ತಿದ್ದಾಗ, ಸೈಕಲ್ ಪಕ್ಕ ನಿಂತ ಒಬ್ಬ ಮನುಷ್ಯನ ಹಿಂದಿನ ದಿಬ್ಬದಲ್ಲಿ ಅದೇ ಬೇರು ಕಂಡಿತು. ಜಾಗ ದೋಬಿನ್ಯಿ ರಸ್ತೆ. ಛತ್ರದಿಂದ ಸುಮಾರು 150 ಮೀಟರ್. ನಾನೇ ಎಷ್ಟೋ ಸಲ ಆ ಬೇರಿನ ಪಕ್ಕ ನೀರಿನ ಬಾಟಲಿ ಹಿಡಿದುಕೊಂಡು ನಡೆದುಹೋಗಿದ್ದೇನೆ, ಕಂಡಿಲ್ಲ! ಚಿತ್ರದಲ್ಲಿ ಬಿದ್ದಿರುವ ಬಿಸಿಲಿನ ಕೋನ ನೋಡಿ, ಅವನು ಆ ದಿನ ಇಳಿಹೊತ್ತಿನ ತನಕ ಬಣ್ಣ ಹಚ್ಚುತ್ತಲೇ ಇದ್ದ ಅಂತಲೂ ವಾನ್ ಡೆರ್ ವೇನ್ ಹೇಳುತ್ತಾರೆ.

ಕಾಗೆ ಬಂತು, ಕತ್ತಲೆ ಕವಿಯಿತು, ಸತ್ತ ಅಂತ ನಾವು ಕಟ್ಟಿದ ಕಥೆಗೆ ಈ ಬಿಸಿಲು ಹೊಂದುವುದೇ ಇಲ್ಲ. ಸೌದೆಗೆಂದು ಕಡಿದು ಮತ್ತೆ ಚಿಗುರಿಸಿಕೊಳ್ಳುತ್ತಿದ್ದ ಮರಗಳು ಅವು. ಅದನ್ನೂ ಹಿಡಿದುಕೊಂಡು ಯಾರಾದರೂ ಇನ್ನೊಂದು ಕಥೆ ಕಟ್ಟಿಯಾರು, ಕಟ್ಟಿದ್ದಾರೆ ಕೂಡ. ನಾನಂತೂ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಚಿತ್ರ ನೋಡಿ ಅವನ ಮನಸ್ಸಿನ ಜಾತಕ ಬರೆಯುವುದು ನಿಲ್ಲಲಿ ಅಂತಲೇ ಇಷ್ಟುದ್ದ ಬರೆದದ್ದು.

ಛತ್ರದ ಕೋಣೆ ಖಂಡಿತ ನೋಡಿ. 5ನೇ ನಂಬರ್, ಮರದ ಮೆಟ್ಟಿಲು ಹತ್ತಿ ಹೋಗಬೇಕು. ಏಳು ಚದರ ಮೀಟರ್, ನಮ್ಮ ಲೆಕ್ಕದಲ್ಲಿ 75 ಚದರಡಿ. ಸೂರಿನಲ್ಲಿ ಒಂದು ಸಣ್ಣ ಬೆಳಕಿಂಡಿ. ಊಟ, ವಸತಿ ಸೇರಿ ದಿನಕ್ಕೆ ಮೂರೂವರೆ ಫ್ರಾಂಕ್ ಕೊಡುತ್ತಿದ್ದ. ಮಂಚ ಮೇಜು ತಂದಿಟ್ಟು ಅಲಂಕಾರ ಮಾಡಿಲ್ಲ, ಖಾಲಿ ಬಿಟ್ಟಿದ್ದಾರೆ. “ಇಷ್ಟೇನಾ?” ಅನ್ನಿಸುತ್ತದೆ. ಇಷ್ಟೇ. ಸ್ಮಶಾನದಲ್ಲಿ ಅಣ್ಣ ತಮ್ಮ ಅಕ್ಕಪಕ್ಕ, ಎರಡು ಸಾದಾ ಕಲ್ಲು, ನಡುವೆ ಒಂದೇ ಬಳ್ಳಿಯ ಹೊದಿಕೆ. ತಿಯೋ ಆರು ತಿಂಗಳಲ್ಲೇ ಹೋದ. ಅವನನ್ನು ಹಾಲೆಂಡಿನಿಂದ ಇಲ್ಲಿಗೆ ತರಿಸಿದ್ದು ಅವನ ಹೆಂಡತಿ ಯೊಹಾನಾ, 1914ರಲ್ಲಿ.

ಇನ್ನು ಯಾರೂ ಕೇಳದ ಪ್ರಶ್ನೆ. ಹೆಸರಲ್ಲೇ ನದಿ ಇದೆಯಲ್ಲ, ಆ ನದಿ ಎಲ್ಲಿ? ಎಲ್ಲರೂ ಸ್ಟೇಷನ್‌ನಲ್ಲಿ ಇಳಿದವರೇ ಏರು ಹತ್ತುತ್ತಾರೆ. ವಾಜ್ ಇರುವುದು ಕೆಳಗೆ, ಹಳಿಯ ಆಚೆ. ಈ ಊರಿಗೆ ಚಿತ್ರಕಾರರು ಬರತೊಡಗಿದ್ದೇ ಆ ನದಿಯಿಂದ. ಶಾರ್ಲ್ ದೋಬಿನ್ಯಿ, ಅದೇ, ಬೇರುಗಳ ರಸ್ತೆಗೆ ಹೆಸರಾದವನು, 1857ರಲ್ಲಿ ಒಂದು ದೋಣಿಯನ್ನೇ ಸ್ಟುಡಿಯೋ ಮಾಡಿಕೊಂಡು ಇದೇ ನೀರಿನ ಮೇಲೆ ಓಡಾಡಿದ. ದೋಣಿಯ ಹೆಸರು ಬೊತ್ಯಾಂ. ಮಗ ಕಾರ್ಲ್ ಅದರಲ್ಲಿ ಎಳೆಯ ನಾವಿಕ, ಚಿತ್ರಕಾರ ಕೊರೋ ತಮಾಷೆಗೆ ಅದರ ನೌಕಾಧಿಪತಿ. ಮುಂದೆ ಚಿತ್ರಕಾರ ಮೊನೆ ಕೂಡ ದೋಬಿನ್ಯಿಯನ್ನು ನೋಡಿಯೇ ಸೇನ್ ನದಿಯಲ್ಲಿ ದೋಣಿ ಸ್ಟುಡಿಯೋ ಇಟ್ಟುಕೊಂಡ. ವ್ಯಾನ್ ಗೋ ಸತ್ತಾಗ, ಆತ್ಮಹತ್ಯೆ ಅಂತ ಇಲ್ಲಿನ ಪಾದ್ರಿ ಶವದ ಗಾಡಿ ಕೊಡಲಿಲ್ಲ, ಅದನ್ನು ತಂದದ್ದೂ ನದಿಯಾಚೆಯ ಮೇರಿ ಊರಿನಿಂದ. ಅಲ್ಲಿ ದಂಡೆಯಲ್ಲಿ ಅರ್ಧ ಗಂಟೆ ಕೂತುಕೊಳ್ಳಿ, ಸರಕಿನ ಉದ್ದನೆ ದೋಣಿಗಳು ನಿಧಾನಕ್ಕೆ ಹೋಗುತ್ತಿರುತ್ತವೆ. ಟಿಕೆಟ್ ಇಲ್ಲ, ಕ್ಯೂ ಇಲ್ಲ.

ದೋಬಿನ್ಯಿ ಎಂದರೆ ವ್ಯಾನ್ ಗೋಗೆ ಬಹಳ ಗೌರವ. ಅವನು ತೀರಿಹೋಗಿ 12 ವರ್ಷವಾಗಿದ್ದರೂ ಅವನ ತೋಟವನ್ನು ಮೂರು ಸಲ ಬಿಡಿಸಿದ. ತಿಯೋಗೆ ಜುಲೈ 23ರಂದು ಬರೆದ ಕಾಗದದಲ್ಲಿ ಆ ತೋಟದ ಒಂದು ರೇಖಾಚಿತ್ರವನ್ನೂ ಇಟ್ಟ. ಅದರಲ್ಲಿ ಮುಂದುಗಡೆ ಒಂದು ಕಪ್ಪು ಬೆಕ್ಕು ಹೋಗುತ್ತಿದೆ. ತೋಟದ ಆ ಮೂರು ಚಿತ್ರಗಳಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಚಿತ್ರದಲ್ಲಿ ಆ ಬೆಕ್ಕು ಇದೆ. ಹಿರೋಶಿಮಾದ ಚಿತ್ರದಲ್ಲಿ ಇಲ್ಲ, ಯಾರೋ ಆಮೇಲೆ ಅದರ ಮೇಲೆ ಬಣ್ಣ ಬಳಿದುಬಿಟ್ಟಿದ್ದಾರೆ. ಮುಂದಿನ ಸಲ ಕಾಗೆ ಬಿಟ್ಟು ಈ ಬೆಕ್ಕಿನ ಬಗ್ಗೆ ಕೇಳಿ, ಬೇಸರ ಮಾಡಿಕೊಳ್ಳದೆ ಬರೆಯುತ್ತೇನೆ.